ಒಪ್ಪದ ಮದುವೆಯನ್ನು ಒಲ್ಲೆನೆಂದ ಡಾ. ರಖಮಾಬಾಯಿ

2017ರ ನವೆಂಬರ್ 22ರಂದು ಗೂಗಲ್ ತೆರೆದವರಿಗೆ ಕೊರಳಲ್ಲಿ ಸ್ಟೆತಾಸ್ಕೋಪ್ ಹಾಕಿಕೊಂಡ, ಸೀರೆಯುಟ್ಟ ಒಬ್ಬ ಮಹಿಳೆಯ ಚಿತ್ರ ಕಾಣಿಸಿತು. ಅಂದು ಡಾ. ರಖಮಾಬಾಯಿಯವರ 153ನೇ ಜನ್ಮದಿನ. ಭಾರತದಲ್ಲಿ ವೃತ್ತಿ ನಡೆಸಿದ ಮೊದಮೊದಲ ಮಹಿಳಾ ವೈದ್ಯರಲ್ಲಿ ಅವರೊಬ್ಬರು ಎಂದು ನಮ್ಮಲ್ಲಿ ಅನೇಕರಿಗೆ ಗೊತ್ತಾದದ್ದೇ ಅಂದು. ಆದರೆ ವೈದ್ಯೆಯಾಗುವುದಕ್ಕೆ ಎಷ್ಟೋ ಮೊದಲೇ ಅವರ ಹೆಸರು ಮುಂಬಯಿಯಿಂದ ಲಂಡನ್ನಿನವರೆಗೆ ಹರಡಿತ್ತು. ಅದಕ್ಕೆ ಕಾರಣ ಒಂದು ಕೋರ್ಟ್ ಕೇಸು. ಹನ್ನೊಂದನೆಯ ವಯಸ್ಸಿನಲ್ಲಿ ತನ್ನನ್ನು ಕೇಳದೆ ಮಾಡಿದ ಮದುವೆಗೆ ತಾನು ಬದ್ಧಳಲ್ಲ ಎಂದು ಒಬ್ಬ ಹುಡುಗಿ ಹೈಕೋರ್ಟಿನಲ್ಲಿ ನಿಂತು ಹೇಳಿದ ಕೇಸು.

ನಮ್ಮ ಮಹಿಳಾ ವೇದಿಕೆಯಲ್ಲಿ ಆಗಾಗ ಕೇಳಿಬರುವ ಪ್ರಶ್ನೆಗಳು ಕೆಲವಿವೆ. ಗಂಡನ ಮನೆಗೆ ವಾಪಸ್ ಬಾ ಎಂದು ನೋಟಿಸ್ ಬಂದಿದೆ, ಏನು ಮಾಡಲಿ? ಬೇರೆ ಇದ್ದು ಐದು ವರ್ಷವಾಯಿತು, ವಿಚ್ಛೇದನ ಬೇಕೇ ಬೇಕೇ? ನನ್ನ ಹೆಸರಿನ ಫ್ಲ್ಯಾಟ್ ನನ್ನ ನಂತರ ಯಾರಿಗೆ? ನಾನು ವಕೀಲೆಯಲ್ಲ, ಸಾಫ್ಟ್‌ವೇರ್ ಕೆಲಸದವಳು. ಆದರೂ ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಹೊರಟಾಗ ದಾರಿಯುದ್ದಕ್ಕೂ ಸಿಕ್ಕವರು ರಖಮಾಬಾಯಿ. ಅವರ ಬದುಕನ್ನು ತಿಳಿದುಕೊಂಡರೆ ಇಂದಿನ ಕಾನೂನು ಎಲ್ಲಿಂದ ಬಂತು, ಅದರಲ್ಲಿ ಇನ್ನೂ ಏನು ಉಳಿದಿದೆ ಎನ್ನುವುದು ಸುಲಭವಾಗಿ ಅರ್ಥವಾಗುತ್ತದೆ.

ಆಸ್ತಿಯಿದ್ದ ಹುಡುಗಿ

ರಖಮಾಬಾಯಿ ಹುಟ್ಟಿದ್ದು 1864ರಲ್ಲಿ, ಮುಂಬಯಿಯ ಸುತಾರ ಅಂದರೆ ಬಡಗಿ ಸಮುದಾಯದ ಒಂದು ಅನುಕೂಲಸ್ಥ ಕುಟುಂಬದಲ್ಲಿ. ತಂದೆ ಜನಾರ್ದನ ಪಾಂಡುರಂಗ, ತಾಯಿ ಜಯಂತಿಬಾಯಿ. ಮಗಳಿಗೆ ಎರಡು ವರ್ಷ ತುಂಬಿದ ಮೇಲೆ ತಂದೆ ತೀರಿಕೊಂಡರು. ಆಗ ತಾಯಿಗೆ ಇನ್ನೂ ಹದಿನೇಳು. ಅವರ ಸಮುದಾಯದಲ್ಲಿ ವಿಧವೆಯರು ಮರುಮದುವೆಯಾಗುವ ರೂಢಿ ಇತ್ತು. ಕೆಲವು ವರ್ಷಗಳ ನಂತರ ಜಯಂತಿಬಾಯಿ ಡಾ. ಸಖಾರಾಮ ಅರ್ಜುನ ಅವರನ್ನು ಮದುವೆಯಾದರು. ಸಖಾರಾಮ ಅರ್ಜುನ ಸಾಮಾನ್ಯರಲ್ಲ. ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ವೈದ್ಯರು, ಸಸ್ಯಶಾಸ್ತ್ರ ಬಲ್ಲವರು. 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಕಟ್ಟಿದ ಎಂಟು ಮಂದಿಯಲ್ಲಿ ಇದ್ದ ಇಬ್ಬರು ಭಾರತೀಯರಲ್ಲಿ ಅವರೊಬ್ಬರು.

1856ರ ವಿಧವಾ ಪುನರ್ವಿವಾಹ ಕಾಯ್ದೆ ಒಂದು ಕೈಯಲ್ಲಿ ಮರುಮದುವೆಯ ಹಕ್ಕು ಕೊಟ್ಟು, ಇನ್ನೊಂದು ಕೈಯಲ್ಲಿ ಸತ್ತ ಗಂಡನಿಂದ ಬಂದ ಆಸ್ತಿಯನ್ನು ಕಿತ್ತುಕೊಳ್ಳುತ್ತಿತ್ತು. ಮರುಮದುವೆಯಾದ ವಿಧವೆಗೆ ಆ ಆಸ್ತಿಯ ಮೇಲೆ ಹಕ್ಕು ಉಳಿಯುತ್ತಿರಲಿಲ್ಲ. ಜಯಂತಿಬಾಯಿ ಮದುವೆಗೆ ಮುಂಚೆ ಗಂಡನ ಆಸ್ತಿಯನ್ನು ಮಗಳ ಹೆಸರಿಗೆ ಮಾಡಿದರು. ಹೀಗೆ ಎಂಟು ವರ್ಷದ ಹುಡುಗಿ ಆಸ್ತಿವಂತೆಯಾದಳು. ಮುಂದೆ ನಡೆದ ಕೇಸಿನ ಹಿಂದೆ ಈ ಆಸ್ತಿಯ ನೆರಳು ಕೊನೆಯವರೆಗೂ ಇತ್ತು. ಗಂಡನ ಕಡೆಯವರ ಕಣ್ಣು ಆಸ್ತಿಯ ಮೇಲಿದೆ ಎಂದು ಇವರು, ಆಸ್ತಿ ಕೈಬಿಟ್ಟು ಹೋದೀತೆಂದೇ ತವರಿನವರು ಹುಡುಗಿಯನ್ನು ಕಳಿಸುತ್ತಿಲ್ಲ ಎಂದು ಅವರು ವಾದಿಸಿದರು.

ಹನ್ನೊಂದನೆಯ ವಯಸ್ಸಿಗೆ ರಖಮಾಬಾಯಿಯ ಮದುವೆಯಾಯಿತು. ವರ ದಾದಾಜಿ ಭಿಕಾಜಿ, ಸಖಾರಾಮ ಅರ್ಜುನರ ಬಡ ಸಂಬಂಧಿ, ಹತ್ತೊಂಬತ್ತು ಇಪ್ಪತ್ತರ ಹುಡುಗ. ಮನೆಅಳಿಯನಾಗಿ ಇರಬೇಕು, ಓದಿ ಒಂದು ಸ್ಥಿತಿಗೆ ಬರಬೇಕು ಎನ್ನುವುದು ಒಪ್ಪಂದ. ದಾದಾಜಿಗೆ ಓದು ಹತ್ತಲಿಲ್ಲ. ಹುಡುಗಿ ಮೈನೆರೆದಾಗ ಕೂಡಲೇ ಗರ್ಭಾದಾನ ನಡೆಸಬೇಕೆಂಬ ಒತ್ತಾಯ ಬಂತು. ವೈದ್ಯರಾದ ಸಖಾರಾಮ ಅರ್ಜುನ ಅದಕ್ಕೆ ಒಪ್ಪಲಿಲ್ಲ. ಸ್ವಲ್ಪ ಕಾಲದ ನಂತರ ದಾದಾಜಿ ಮನೆ ಬಿಟ್ಟು ಸೋದರಮಾವನ ಮನೆ ಸೇರಿದರು. ರಖಮಾಬಾಯಿ ಮಾತ್ರ ತವರಿನಲ್ಲೇ ಉಳಿದು, ಮಿಷನ್ ಲೈಬ್ರರಿಯ ಪುಸ್ತಕಗಳನ್ನು ತರಿಸಿಕೊಂಡು ಇಂಗ್ಲಿಷ್ ಕಲಿತರು. ಪ್ರಾರ್ಥನಾ ಸಮಾಜದ ಸಭೆಗಳಿಗೆ, ಆರ್ಯ ಮಹಿಳಾ ಸಮಾಜಕ್ಕೆ ಹೋಗತೊಡಗಿದರು. ಹೀಗೆ ಎಂಟೊಂಬತ್ತು ವರ್ಷ ಕಳೆದವು.

ದಾದಾಜಿ ಮತ್ತು ರಖಮಾಬಾಯಿ

1884ರ ಮಾರ್ಚಿನಲ್ಲಿ ದಾದಾಜಿ ವಕೀಲರ ಮೂಲಕ ನೋಟಿಸ್ ಕೊಟ್ಟರು. ಹೆಂಡತಿಯನ್ನು ತನ್ನಲ್ಲಿಗೆ ಬರಲು ತಡೆಯಬಾರದು ಎನ್ನುವುದು ಅದರ ಸಾರ. ರಖಮಾಬಾಯಿ ಹೋಗಲಿಲ್ಲ. ದಾದಾಜಿ ಬಾಂಬೆ ಹೈಕೋರ್ಟಿನಲ್ಲಿ ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆಗೆ ದಾವೆ ಹೂಡಿದರು. ಅಷ್ಟರಲ್ಲಿ, 1885ರ ಏಪ್ರಿಲ್‌ನಲ್ಲಿ, ಬೆನ್ನಿಗೆ ನಿಂತಿದ್ದ ಮಲತಂದೆ ತೀರಿಕೊಂಡರು.

ಈ ದಾವೆಯ ಹುಟ್ಟು ಎಲ್ಲಿಯದು ಎನ್ನುವುದನ್ನು ಗಮನಿಸಬೇಕು. ಹೆಂಡತಿಯನ್ನು ಕೋರ್ಟಿನ ಆಜ್ಞೆಯಿಂದ ಗಂಡನ ಮನೆಗೆ ಕಳಿಸುವ ಕ್ರಮ ನಮ್ಮ ಧರ್ಮಶಾಸ್ತ್ರದ್ದಲ್ಲ. ಅದು ಇಂಗ್ಲೆಂಡಿನ ಚರ್ಚ್ ನ್ಯಾಯಾಲಯಗಳ ಪದ್ಧತಿ. ಬ್ರಿಟಿಷ್ ಕೋರ್ಟುಗಳ ಜೊತೆಗೇ ಇಲ್ಲಿಗೆ ಬಂತು. 1885ರ ಸೆಪ್ಟೆಂಬರ್ 21ರಂದು ತೀರ್ಪು ಕೊಟ್ಟ ನ್ಯಾಯಮೂರ್ತಿ ರಾಬರ್ಟ್ ಹಿಲ್ ಪಿನ್ಹೆ ಇದನ್ನೇ ಎತ್ತಿ ಹಿಡಿದರು. ಒಮ್ಮೆಯೂ ಜೊತೆಗೆ ಬಾಳದವರನ್ನು ಹೊಸದಾಗಿ ಕೂಡಿಸುವುದು ಪುನಃಸ್ಥಾಪನೆ ಆಗುವುದಿಲ್ಲ, ತಿಳಿವಳಿಕೆಯಿಲ್ಲದ ವಯಸ್ಸಿನಲ್ಲಿ ಮದುವೆಯಾದ ಹೆಣ್ಣನ್ನು ಇಷ್ಟವಿಲ್ಲದೆ ಒಬ್ಬನ ಬಳಿಗೆ ದೂಡಲಾಗದು ಎಂಬ ಅಭಿಪ್ರಾಯಕ್ಕೆ ಬಂದು ದಾವೆಯನ್ನು ವಜಾ ಮಾಡಿದರು.

ತೀರ್ಪಿನ ಮರುದಿನದಿಂದಲೇ ಪತ್ರಿಕೆಗಳಲ್ಲಿ ಯುದ್ಧ ಶುರುವಾಯಿತು. ಹಿಂದೂ ಕುಟುಂಬದೊಳಗೆ ಇಂಗ್ಲಿಷ್ ಜಡ್ಜ್ ಕೈಹಾಕಿದ್ದು ಸರಿಯಲ್ಲ ಎಂದು ಬಾಲಗಂಗಾಧರ ತಿಲಕರ ಪತ್ರಿಕೆಗಳು ಖಂಡಿಸಿದವು. ಪಾರ್ಸಿ ಸುಧಾರಕ ಬೆಹ್ರಾಮ್‌ಜಿ ಮಲಬಾರಿ ರಖಮಾಬಾಯಿಯ ಪರ ಬರೆದರು. ವಿಚಿತ್ರವೆಂದರೆ, ಹಿಂದೂ ಧರ್ಮದ ಹೆಸರಿನಲ್ಲಿ ಸಂಪ್ರದಾಯಸ್ಥರು ಉಳಿಸಲು ಹೊರಟಿದ್ದು ಇಂಗ್ಲೆಂಡಿನ ಚರ್ಚಿನಿಂದ ಬಂದ ಒಂದು ಅಸ್ತ್ರವನ್ನು!

ಅದೇ ವರ್ಷ ಟೈಮ್ಸ್ ಆಫ್ ಇಂಡಿಯಾದಲ್ಲಿ ಹಿಂದೂ ಮಹಿಳೆ ಎಂಬ ಹೆಸರಿನಲ್ಲಿ ಎರಡು ಪತ್ರಗಳು ಬಂದಿದ್ದವು. ಬಾಲ್ಯವಿವಾಹ ಹೆಣ್ಣಿನ ಓದು, ಆರೋಗ್ಯ, ಮನಸ್ಸು ಎಲ್ಲವನ್ನೂ ಹೇಗೆ ಮುರುಟಿಸುತ್ತದೆ ಎಂದು ಒಳಗಿನಿಂದ ಕಂಡು ಬರೆದ ಪತ್ರಗಳವು. ಬರೆದವರು ರಖಮಾಬಾಯಿಯೇ ಎಂದು ಆಮೇಲೆ ತಿಳಿಯಿತು. ಆಗ ಅವರಿಗೆ ಇಪ್ಪತ್ತು ವರ್ಷ.

ಜೈಲಾದರೂ ಸರಿ

ದಾದಾಜಿ ಮೇಲ್ಮನವಿ ಹಾಕಿದರು. ರಖಮಾಬಾಯಿಯ ಪರ ವಾದಿಸಿದವರಲ್ಲಿ ಮುಂದೆ ಹೈಕೋರ್ಟ್ ನ್ಯಾಯಮೂರ್ತಿಯಾದ ಕಾಶಿನಾಥ ತ್ರ್ಯಂಬಕ ತೇಲಂಗರೂ ಇದ್ದರು. ಆದರೆ 1886ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಚಾರ್ಲ್ಸ್ ಸಾರ್ಜೆಂಟ್ ಮತ್ತು ನ್ಯಾಯಮೂರ್ತಿ ಬೇಲಿ ಅವರ ಪೀಠ ಪಿನ್ಹೆಯವರ ತೀರ್ಪನ್ನು ತಳ್ಳಿಹಾಕಿತು. ಹಿಂದೂ ಮದುವೆ ಸಂಸ್ಕಾರ, ಅದಕ್ಕೆ ಹುಡುಗಿಯ ಒಪ್ಪಿಗೆ ಬೇಕಿಲ್ಲ ಎನ್ನುವ ನಿಲುವು ಗೆದ್ದಿತು. ಕೇಸು ಮತ್ತೆ ವಿಚಾರಣೆಗೆ ಬಂತು. 1887ರ ಮಾರ್ಚ್ 4ರಂದು ನ್ಯಾಯಮೂರ್ತಿ ಫ್ಯಾರನ್ ಆದೇಶ ಕೊಟ್ಟರು. ರಖಮಾಬಾಯಿ ಗಂಡನ ಮನೆಗೆ ಹೋಗಬೇಕು, ಇಲ್ಲವಾದರೆ ಆರು ತಿಂಗಳವರೆಗಿನ ಜೈಲು.

ರಖಮಾಬಾಯಿ ಜೈಲನ್ನೇ ಆರಿಸಿಕೊಂಡರು.

ಇಪ್ಪತ್ತೆರಡರ ಹೆಣ್ಣುಮಗಳು, ಮರ್ಯಾದಸ್ಥ ಮನೆತನ, ಊರೆಲ್ಲ ಮಾತಾಡುತ್ತಿರುವಾಗ ತೆಗೆದುಕೊಂಡ ನಿರ್ಧಾರ ಇದು. ಇನ್ನೊಂದು ಸಂಗತಿ ಗಮನಿಸಿ. ಇಂಥ ಡಿಕ್ರಿಗೆ ಮಣಿಯದವರನ್ನು ಜೈಲಿಗೆ ಹಾಕುವುದನ್ನು ಇಂಗ್ಲೆಂಡ್ 1884ರಲ್ಲೇ ಕೈಬಿಟ್ಟಿತ್ತು. ತನ್ನ ಹೆಂಗಸರಿಗೆ ಬೇಡವೆಂದು ತೆಗೆದ ಶಿಕ್ಷೆಯನ್ನು ಮೂರು ವರ್ಷದ ಮೇಲೆ ಇಲ್ಲಿನ ಹೆಣ್ಣಿಗೆ ವಿಧಿಸಲಾಯಿತು. ಮೂಲ ಸಿಸ್ಟಮ್‌ನಲ್ಲಿ ಅಳಿಸಿದ ಕೋಡ್ ಕಾಪಿಯಲ್ಲಿ ಮಾತ್ರ ಓಡುತ್ತಲೇ ಇರುವುದನ್ನು ನಮ್ಮ ವೃತ್ತಿಯವರು ದಿನಾ ನೋಡುತ್ತೇವೆ. ಆದರೆ ಇಲ್ಲಿ ಪಣಕ್ಕಿದ್ದದ್ದು ಒಂದು ಜೀವ.

ರಖಮಾಬಾಯಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದ ಪತ್ರ ಏಪ್ರಿಲ್‌ನಲ್ಲಿ ಅಚ್ಚಾಯಿತು. ಪ್ರಕರಣ ಇಂಗ್ಲೆಂಡಿನಲ್ಲೂ ಚರ್ಚೆಗೆ ಬಂತು. ಮುಂಬಯಿಯಲ್ಲಿ ಅವರ ರಕ್ಷಣೆಗೆ ಒಂದು ಸಮಿತಿ ಹುಟ್ಟಿತು. ಪಂಡಿತಾ ರಮಾಬಾಯಿ ಅಮೆರಿಕದಲ್ಲಿ ಅದೇ ವರ್ಷ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಈ ಪ್ರಕರಣದ ಬಗ್ಗೆ ಬರೆದರು. ರಮಾಬಾಯಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಎನ್ನುವುದನ್ನು ಕನ್ನಡಿಗರಾದ ನಾವು ಇಲ್ಲಿ ನೆನೆಯಬಹುದು.

ಕೊನೆಗೆ ಜೈಲಿಗೆ ಹೋಗುವ ಪ್ರಸಂಗ ಬರಲಿಲ್ಲ. 1888ರ ಜುಲೈನಲ್ಲಿ ರಾಜಿಯಾಯಿತು. ಎರಡು ಸಾವಿರ ರೂಪಾಯಿ ಪಡೆದು ದಾದಾಜಿ ತಮ್ಮ ಡಿಕ್ರಿಯನ್ನು ಜಾರಿ ಮಾಡಿಸುವುದಿಲ್ಲವೆಂದು ಒಪ್ಪಿದರು. ವಿಕ್ಟೋರಿಯಾ ರಾಣಿಯೇ ಮದುವೆಯನ್ನು ರದ್ದು ಮಾಡಿದಳೆಂಬ ಕಥೆ ಅಂತರ್ಜಾಲದಲ್ಲಿ ಓಡಾಡುತ್ತದೆ. ಕೇಸು ಮುಗಿದದ್ದು ಮಾತ್ರ ಈ ರಾಜಿಯಿಂದ.

ರಾಜಿ ಬೇರೆ, ವಿಚ್ಛೇದನ ಬೇರೆ. ಕಾನೂನಿನ ಕಣ್ಣಲ್ಲಿ ಮದುವೆ ಹಾಗೆಯೇ ಉಳಿಯಿತು. ಹಿಂದೂ ಗಂಡಸಿಗೆ ಆಗ ಎಷ್ಟು ಮದುವೆಯಾದರೂ ಅಡ್ಡಿಯಿರಲಿಲ್ಲ. ದಾದಾಜಿ ಮರುವರ್ಷವೇ ಇನ್ನೊಂದು ಮದುವೆಯಾದರು. ರಖಮಾಬಾಯಿ ಜೀವನಪೂರ್ತಿ ಒಂಟಿಯಾಗಿ ಉಳಿದರು.

ಸೂರತ್, ರಾಜಕೋಟ್

ಮುಂಬಯಿಯ ಕಾಮಾ ಆಸ್ಪತ್ರೆಯ ಡಾ. ಈಡಿತ್ ಪೀಚಿ ಅವರು ರಖಮಾಬಾಯಿಗೆ ವೈದ್ಯಶಿಕ್ಷಣದ ದಾರಿ ತೋರಿಸಿದರು. ಖರ್ಚಿಗೆ ಹಣ ಕೂಡಿತು, ಇಂದೋರಿನ ಹೋಳ್ಕರ್ ಮಹಾರಾಜರೂ ನೆರವಾದರು. 1889ರಲ್ಲಿ ಹಡಗು ಹತ್ತಿ ಲಂಡನ್ ಸ್ಕೂಲ್ ಆಫ್ ಮೆಡಿಸಿನ್ ಫಾರ್ ವಿಮೆನ್ ಸೇರಿದರು. 1894ರಲ್ಲಿ ವೈದ್ಯೆಯಾಗಿ ಹೊರಬಂದರು. ಅದೇ 1894ರಲ್ಲಿ ನಮ್ಮ ಮೈಸೂರು ಸಂಸ್ಥಾನ ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು ನಿಷೇಧಿಸುವ ಕಾಯ್ದೆ ತಂದಿತು. ಬ್ರಿಟಿಷ್ ಇಂಡಿಯಾದಲ್ಲಿ 1891ರಲ್ಲಿ ಸಮ್ಮತಿಯ ವಯಸ್ಸು ಹತ್ತರಿಂದ ಹನ್ನೆರಡಕ್ಕೆ ಏರಿತ್ತು. ಆ ಕಾಯ್ದೆಗೆ ಹಿನ್ನೆಲೆಯಾದ ಚರ್ಚೆಗಳಲ್ಲಿ ರಖಮಾಬಾಯಿಯ ಪ್ರಕರಣವೂ ಒಂದು. ಎಂಟು, ಹತ್ತು, ಹನ್ನೆರಡು! ಇವತ್ತು ನಮ್ಮ ಮಕ್ಕಳು ಮೂರನೆಯ ಕ್ಲಾಸಿನಲ್ಲೋ ಏಳನೆಯ ಕ್ಲಾಸಿನಲ್ಲೋ ಇರುವ ವಯಸ್ಸು.

ತಾಯ್ನಾಡಿಗೆ ಮರಳಿದ ಡಾ. ರಖಮಾಬಾಯಿ ಸೂರತ್‌ನ ಮಹಿಳಾ ಆಸ್ಪತ್ರೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ, ಆಮೇಲೆ ರಾಜಕೋಟ್‌ನ ಜನಾನಾ ಆಸ್ಪತ್ರೆಯಲ್ಲಿ, ಒಟ್ಟು ಸುಮಾರು 35 ವರ್ಷ ದುಡಿದರು. ಹೆರಿಗೆಗೆ ಬಂದ ಹದಿಮೂರು, ಹದಿನಾಲ್ಕರ ತಾಯಂದಿರನ್ನು ಅವರು ದಿನವೂ ನೋಡಿರಬೇಕು. ನಿವೃತ್ತಿಯ ಹೊತ್ತಿಗೆ ಪರ್ದಾ ಪದ್ಧತಿಯ ವಿರುದ್ಧವೂ ಒಂದು ಪುಸ್ತಿಕೆ ಬರೆದರು.

1904ರಲ್ಲಿ ದಾದಾಜಿ ತೀರಿಕೊಂಡಾಗ ರಖಮಾಬಾಯಿ ವಿಧವೆಯ ಬಿಳಿ ಸೀರೆ ಉಟ್ಟರು ಎಂದು ಅವರ ಬದುಕಿನ ಬಗ್ಗೆ ಬರೆದವರು ಹೇಳುತ್ತಾರೆ. ಓದಿದಾಗ ಮೊದಲು ನನಗೆ ಕಸಿವಿಸಿಯಾಯಿತು. ಯಾರ ಮನೆಗೆ ಹೋಗಲು ಒಪ್ಪದೆ ಜೈಲಿಗೆ ಸಿದ್ಧರಾದರೋ ಅವರಿಗಾಗಿ ಬಿಳಿ ಸೀರೆಯೇ? ಆಮೇಲೆ ಅನ್ನಿಸಿದ್ದು, ಆ ಮದುವೆಯಿಂದ ಬಿಡುಗಡೆಯ ಕಾಗದವನ್ನು ಅವರಿಗೆ ಯಾವ ಕೋರ್ಟೂ ಕೊಟ್ಟಿರಲಿಲ್ಲ. ಅದಕ್ಕೆ ಸಾವೇ ಬರಬೇಕಾಯಿತು.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1947ರಲ್ಲಿ, ಮುಂಬಯಿ ಪ್ರಾಂತ್ಯ ಹಿಂದೂ ವಿಚ್ಛೇದನ ಕಾಯ್ದೆ ತಂದಿತು. ಆಗ ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಮುಂಬಯಿಗೆ ಸೇರಿದ್ದರಿಂದ ಅಲ್ಲಿನ ಕನ್ನಡತಿಯರಿಗೂ ಆ ಹಕ್ಕು ಸಿಕ್ಕಿತು. ಇಡೀ ದೇಶಕ್ಕೆ ಅನ್ವಯಿಸುವ ಹಿಂದೂ ವಿವಾಹ ಕಾಯ್ದೆ ಜಾರಿಗೆ ಬಂದದ್ದು 1955ರ ಮೇ 18ರಂದು. ಅದಾದ ನಾಲ್ಕು ತಿಂಗಳಿಗೆ, ಸೆಪ್ಟೆಂಬರ್ 25ರಂದು, ತೊಂಬತ್ತು ವರ್ಷದ ಡಾ. ರಖಮಾಬಾಯಿ ಮುಂಬಯಿಯಲ್ಲಿ ಕಣ್ಣುಮುಚ್ಚಿದರು.

ಅವರ ಕೇಸು ಇಂದು ನಡೆದಿದ್ದರೆ

ಹಿಂದೂ ವಿವಾಹ ಕಾಯ್ದೆಯನ್ನು ಓದುವಾಗ ಎರಡು ಕಡೆ ರಖಮಾಬಾಯಿ ನೆನಪಾಗುತ್ತಾರೆ.

ಒಂದು, ಸೆಕ್ಷನ್ 13(2). ಹದಿನೈದು ತುಂಬುವ ಮೊದಲು ಮದುವೆಯಾದ ಹುಡುಗಿ, ಹದಿನೈದರ ನಂತರ ಹದಿನೆಂಟರೊಳಗೆ ಆ ಮದುವೆಯನ್ನು ನಿರಾಕರಿಸಿದ್ದರೆ ಅದೇ ವಿಚ್ಛೇದನಕ್ಕೆ ಆಧಾರ. ಇದು 1976ರ ತಿದ್ದುಪಡಿಯಲ್ಲಿ ಬಂತು. ರಖಮಾಬಾಯಿ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಪರಸ್ಪರ ಒಪ್ಪಿಗೆಯ ವಿಚ್ಛೇದನವೂ ಅದೇ ವರ್ಷ ಬಂದದ್ದು. ಇದಲ್ಲದೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ, ವಯಸ್ಕಳಾಗಿ ಎರಡು ವರ್ಷದೊಳಗೆ ಅರ್ಜಿ ಹಾಕಿ ಮದುವೆಯನ್ನು ರದ್ದು ಮಾಡಿಸಬಹುದು. ಕರ್ನಾಟಕ ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ತಿದ್ದುಪಡಿ ಜಾರಿಯಾದ ನಂತರ ನಡೆಯುವ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದಿದೆ.

ಎರಡು, ಸೆಕ್ಷನ್ 9. ದಾದಾಜಿ ಹೂಡಿದ್ದ ದಾವೆ ಇಲ್ಲಿ ಇನ್ನೂ ಜೀವಂತವಾಗಿದೆ! ಇಂಗ್ಲೆಂಡ್ ಅದನ್ನು 1970ರ ಕಾಯ್ದೆಯಿಂದ ತೆಗೆದುಹಾಕಿತು. 1983ರಲ್ಲಿ ಹೈದರಾಬಾದಿನ ಆಂಧ್ರಪ್ರದೇಶ ಹೈಕೋರ್ಟ್ ಇದು ಸಂವಿಧಾನಕ್ಕೆ ವಿರುದ್ಧ ಎಂದಿತು. ಆದರೆ 1984ರಲ್ಲಿ ಸುಪ್ರೀಂ ಕೋರ್ಟ್ ಬೇರೊಂದು ಪ್ರಕರಣದಲ್ಲಿ ಸೆಕ್ಷನ್ 9 ಅನ್ನು ಎತ್ತಿಹಿಡಿಯಿತು. ಹಾಗಾಗಿ ನೋಟಿಸ್ ಬಂದ ಗೆಳತಿಯರು ತಿಳಿಯಬೇಕಾದದ್ದು ಇಷ್ಟು:

• ಈ ಡಿಕ್ರಿಗೆ ಮಣಿಯದಿದ್ದರೆ ಜೈಲಿಲ್ಲ. 1923ರಲ್ಲೇ ಅದನ್ನು ತೆಗೆಯಲಾಗಿದೆ. ಪೊಲೀಸರು ಕರೆದುಕೊಂಡು ಹೋಗಿ ಗಂಡನ ಮನೆಗೆ ಬಿಡುವಂತೆಯೂ ಇಲ್ಲ. ಆದರೆ ಆಸ್ತಿ ಜಪ್ತಿಗೆ ಅವಕಾಶ ಇದೆ.

• ನೋಟಿಸನ್ನು ಮೂಲೆಗೆ ಎಸೆಯಬೇಡಿ. ಕೋರ್ಟಿಗೆ ಹೋಗಿ ಬೇರೆ ಇರಲು ಕಾರಣವೇನೆಂದು ಹೇಳಿ. ತಕ್ಕ ಕಾರಣವಿದ್ದರೆ ಡಿಕ್ರಿಯನ್ನೇ ನಿರಾಕರಿಸಬಹುದು.

• ಡಿಕ್ರಿಯಾದ ಮೇಲೂ ಒಂದು ವರ್ಷ ಇಬ್ಬರೂ ಕೂಡಿ ಬಾಳದಿದ್ದರೆ, ಇಬ್ಬರಲ್ಲಿ ಯಾರು ಬೇಕಾದರೂ ವಿಚ್ಛೇದನ ಕೇಳಬಹುದು.

• ಗಂಡನ ಪರ ಇಂಥ ಡಿಕ್ರಿ ಇದೆ ಎನ್ನುವ ಒಂದೇ ಕಾರಣಕ್ಕೆ ಹೆಂಡತಿಯ ಜೀವನಾಂಶ ತಪ್ಪುವುದಿಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

• ಊರು ಬಿಟ್ಟು ಪುಣೆಯಲ್ಲೋ ಚೆನ್ನೈಯಲ್ಲೋ ಇರುವ ಹೆಂಡತಿ ತಾನು ವಾಸವಿರುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. 2003ರಿಂದ ಈ ಅನುಕೂಲ ಇದೆ.

• ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ.

ಇದು ಹಿಂದೂ ವಿವಾಹ ಕಾಯ್ದೆಯ ಮಾತು. ಕ್ರೈಸ್ತ, ಮುಸ್ಲಿಂ ಸೋದರಿಯರಿಗೆ, ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ನಿಯಮಗಳು ಬೇರೆ.

ಕೊನೆಯದು ಆಸ್ತಿ. ತಾಯಿ ಮಾಡಿಕೊಟ್ಟ ಆಸ್ತಿಯಿಂದಲೇ ರಖಮಾಬಾಯಿಗೆ ಶತ್ರುಗಳೂ ಹುಟ್ಟಿದರು, ನಿಲ್ಲುವ ಬಲವೂ ಬಂತು. 1933ರಲ್ಲಿ ಮೈಸೂರು ಸಂಸ್ಥಾನ, 1956ರಲ್ಲಿ ಇಡೀ ದೇಶ ಹಿಂದೂ ಹೆಣ್ಣಿನ ಆಸ್ತಿ ಹಕ್ಕಿಗೆ ಕಾಯ್ದೆ ಮಾಡಿದವು. ಆದರೆ 1956ರ ಉತ್ತರಾಧಿಕಾರ ಕಾಯ್ದೆಯಲ್ಲಿ ಒಂದು ಗುಂಡಿ ಇದೆ. ಹೆಣ್ಣು ಉಯಿಲು ಬರೆಯದೆ ತೀರಿಕೊಂಡರೆ, ಅವಳು ದುಡಿದು ಗಳಿಸಿದ ಆಸ್ತಿ ಮೊದಲು ಮಕ್ಕಳಿಗೆ ಮತ್ತು ಗಂಡನಿಗೆ ಹೋಗುತ್ತದೆ. ಮಕ್ಕಳೂ ಗಂಡನೂ ಇಲ್ಲದಿದ್ದರೆ ಗಂಡನ ವಾರಸುದಾರರಿಗೆ. ಅವಳ ಸ್ವಂತ ತಂದೆತಾಯಿಯ ಸರದಿ ಅದಾದ ಮೇಲೆ! ತಂದೆತಾಯಿಯಿಂದ ಬಂದ ಆಸ್ತಿ ಮಾತ್ರ, ಮಕ್ಕಳಿಲ್ಲದಿದ್ದರೆ, ತಂದೆಯ ವಾರಸುದಾರರಿಗೆ ಮರಳುತ್ತದೆ. ಮದುವೆಯಾದ ಕೆಲವೇ ತಿಂಗಳಲ್ಲಿ ಗಂಡ ತೀರಿಕೊಂಡು, ಅತ್ತೆಮನೆಯಿಂದ ಹೊರಗೆ ಹಾಕಿಸಿಕೊಂಡು, ತವರಿನಲ್ಲಿದ್ದು ಓದಿ ಕೆಲಸ ಹಿಡಿದ ಒಬ್ಬ ಮಹಿಳೆಯ ಗಳಿಕೆಯೆಲ್ಲ ಆಕೆಯನ್ನು ಹೊರಗಟ್ಟಿದ ಗಂಡನ ಮನೆಯವರಿಗೇ ಸಲ್ಲಬೇಕೆಂದು 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಡಬೇಕಾಯಿತು. ಆಕೆ ಉಯಿಲು ಬರೆದಿರಲಿಲ್ಲ.

ಬೇರೆ ಇದ್ದೇವೆ, ಅಷ್ಟು ಸಾಕು ಎನ್ನುವ ಗೆಳತಿಯರೇ, ವಿಚ್ಛೇದನದ ಡಿಕ್ರಿ ಆಗುವವರೆಗೆ ಗಂಡ ನಿಮ್ಮ ವಾರಸುದಾರನೇ. ಬ್ಯಾಂಕಿನಲ್ಲಿ ಅಮ್ಮನನ್ನು ನಾಮಿನಿ ಮಾಡಿದ್ದೇನೆ ಎಂದು ಸುಮ್ಮನಿರಬೇಡಿ, ನಾಮಿನಿಯಾದವರೆಲ್ಲ ಮಾಲೀಕರಾಗುವುದಿಲ್ಲ. ಉಯಿಲು ಬರೆಯಲು ಛಾಪಾಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಬಿಳಿ ಹಾಳೆಯಲ್ಲಿ, ಕನ್ನಡದಲ್ಲೇ ಬರೆಯಬಹುದು. ಇಬ್ಬರು ಸಾಕ್ಷಿಗಳು ನೀವು ಸಹಿ ಹಾಕುವುದನ್ನು ನೋಡಿ ನಿಮ್ಮೆದುರು ಸಹಿ ಮಾಡಬೇಕು. ಆಸ್ತಿ ಪಡೆಯುವವರೇ ಸಾಕ್ಷಿಯಾಗದಿರುವುದು ಒಳ್ಳೆಯದು. ನೋಂದಣಿ ಮಾಡಿಸಿದರೆ ಮುಂದೆ ತಕರಾರು ಕಡಿಮೆ.

ರಖಮಾಬಾಯಿಗೆ ಸುಮಾರು ನಾಲ್ಕು ವರ್ಷದ ಕೋರ್ಟು, ಎರಡು ಸಾವಿರ ರೂಪಾಯಿ, ಊರಿನ ಬೈಗುಳ ಎಲ್ಲ ಆದ ಮೇಲೂ ಸಿಗದ ಕಾಗದಗಳನ್ನು ಇಂದು ನಾವು ಒಂದು ಅರ್ಜಿ ಹಾಕಿ, ಒಂದು ಹಾಳೆ ಬರೆದು ಪಡೆಯಬಹುದು. ಈ ಸಂಚಿಕೆ ಓದಿ ಮುಗಿಸಿದ ಸದಸ್ಯೆಯರು ಈ ತಿಂಗಳು ಒಂದು ಕೆಲಸ ಮಾಡಲಿ ಎಂದು ಕೇಳಿಕೊಳ್ಳುತ್ತೇನೆ. ನಿಮ್ಮ ಹೆಸರಿನಲ್ಲಿ ಏನೇನಿದೆ, ಅದು ಯಾರಿಗೆ ಸೇರಬೇಕು ಎಂದು ಪಟ್ಟಿ ಮಾಡಿ. ಮನೆಕೆಲಸಕ್ಕೆ ಬರುವ ಅಕ್ಕನಿಗೂ 15100 ನಂಬರನ್ನು ಬರೆದುಕೊಡಿ.